ಇಂದಿರಮ್ಮನ ಮೊಕದ್ದಮೆ ಮತ್ತು ನಮ್ಮ ಮನೆಯ ಅಣ್ಣತಮ್ಮಂದಿರು

ನಮ್ಮ ಅಪ್ಪನಿಗೂ ದೊಡ್ಡಪ್ಪನಿಗೂ ಆಸ್ತಿಯ ವಿಚಾರದಲ್ಲಿ ಒಂದು ದಿನವೂ ಮಾತು ಬೆಳೆದದ್ದಿಲ್ಲ. ಆದರೆ ಒಂದು ವಿಷಯ ಎತ್ತಿದರೆ ಸಾಕು, ಊಟದ ಎಲೆ ಮುಂದಿದ್ದರೂ ಇಬ್ಬರ ದನಿ ಏರುತ್ತಿತ್ತು. ತುರ್ತು ಪರಿಸ್ಥಿತಿಗಾಗಿ ಇಂದಿರಾ ಗಾಂಧಿಯವರಿಗೆ ಕೋರ್ಟಿನಲ್ಲಿ ಶಿಕ್ಷೆ ಆಗಬೇಕಿತ್ತೇ, ಬೇಡವೇ? ಈಗ ಇಬ್ಬರೂ ಇಲ್ಲ. ಪ್ರಶ್ನೆ ಮಾತ್ರ ಹಾಗೇ ಇದೆ. 2025ರ ಅಕ್ಟೋಬರಿನಲ್ಲಿ ಫ್ರಾನ್ಸಿನ ಮಾಜಿ ಅಧ್ಯಕ್ಷ ಸರ್ಕೋಜಿ ಜೈಲಿಗೆ ಹೋದ ಸುದ್ದಿ ಟಿವಿಯಲ್ಲಿ ಬಂದಾಗ ನನ್ನ ಮಗ, "ನಮ್ಮಲ್ಲಿ ಯಾವ ಪ್ರಧಾನಿಗಾದರೂ ಹೀಗಾಗಿದೆಯಾ?" ಎಂದು ಕೇಳಿದ. ಒಂದೇ ಮಾತಿನಲ್ಲಿ ಉತ್ತರ ಹೇಳಲಾಗಲಿಲ್ಲ. ಅವನ ಅಜ್ಜನ ಕಥೆಯಿಂದಲೇ ಶುರು ಮಾಡಬೇಕಾಯಿತು.

ನಮ್ಮ ಮೂಲ ಕೊಪ್ಪದ ಕಡೆ. ದೊಡ್ಡಪ್ಪ ಊರಲ್ಲೇ ಉಳಿದರು. ಅಪ್ಪ ಹದಿನಾಲ್ಕನೇ ವಯಸ್ಸಿಗೆ ಬೊಂಬಾಯಿಗೆ ಬಂದು, ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಕಲಿತು, ಕೊನೆಗೆ ಗಲ್ಲಾದ ಮೇಲೆ ಕೂರುವಷ್ಟಾದರು. ಆಮೇಲೆ ಡೊಂಬಿವಲಿಯ ಚಾಳಿನಲ್ಲಿ ಸಂಸಾರ. ಬಾಡಿಗೆ ಏರುತ್ತಾ ಹೋದಂತೆ ನಾವು ಸೆಂಟ್ರಲ್ ಲೈನಿನಲ್ಲಿ ಇನ್ನಷ್ಟು ಮುಂದಕ್ಕೆ ಸರಿದು ಟಿಟ್ವಾಳಾ ಸೇರಿದೆವು.

ದೊಡ್ಡಪ್ಪ ಗೇಣಿ ಒಕ್ಕಲು. ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಅವರು ಡಿಕ್ಲರೇಶನ್ ಕೊಟ್ಟು, ಟ್ರಿಬ್ಯುನಲ್ಲಿಗೆ ಅಲೆದು, ಎರಡು ಎಕರೆ ಗದ್ದೆಯನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡರು. ಅವರ ಲೆಕ್ಕದಲ್ಲಿ ಆ ಗದ್ದೆ ಕೊಟ್ಟದ್ದು ಅರಸರು, ಅರಸರನ್ನು ಕೊಟ್ಟದ್ದು ಇಂದಿರಮ್ಮ.

ಅಪ್ಪನ ಲೆಕ್ಕ ಬೇರೆ. ರಾತ್ರಿಶಾಲೆಯಲ್ಲಿ ಅವರ ಪಕ್ಕ ಕೂರುತ್ತಿದ್ದ ಗೆಳೆಯನೊಬ್ಬ ಟ್ಯಾಕ್ಸಿ ಓಡಿಸುತ್ತಿದ್ದ. ಮಂಗಳೂರಿನಿಂದ ಬಂದು ಬೊಂಬಾಯಿಯಲ್ಲಿ ಕಾರ್ಮಿಕ ನಾಯಕರಾದ ಜಾರ್ಜ್ ಫೆರ್ನಾಂಡಿಸರ ಭಕ್ತ. ತುರ್ತು ಪರಿಸ್ಥಿತಿಯಲ್ಲಿ ಕರಪತ್ರ ಹಂಚಿದನೆಂದು ಅವನನ್ನು ಹಿಡಿದುಕೊಂಡು ಹೋದರು. ಹತ್ತು ತಿಂಗಳು ಒಳಗಿದ್ದ. ಆರೋಪಪಟ್ಟಿ ಇಲ್ಲ, ವಿಚಾರಣೆ ಇಲ್ಲ. ಮೀಸಾ ಕಾಯ್ದೆಯಡಿ ಹಿಡಿದವರಿಗೆ ಅದು ಬೇಕೂ ಇರಲಿಲ್ಲ. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟೇ, ತುರ್ತು ಪರಿಸ್ಥಿತಿ ಇರುವಷ್ಟು ದಿನ ಬಂಧನವನ್ನು ಪ್ರಶ್ನಿಸಿ ಯಾರೂ ಕೋರ್ಟಿಗೆ ಬರುವಂತಿಲ್ಲ ಎಂದುಬಿಟ್ಟಿತ್ತು. "ಕೊಲೆ ಮಾಡಿದವನಿಗೂ ವಕೀಲ ಇರ್ತಾನೆ, ಇವನಿಗೆ ಇರಲಿಲ್ಲ" ಎಂದು ಅಪ್ಪ ಕೊನೆಯವರೆಗೂ ಹೇಳುತ್ತಿದ್ದರು.

1977ರ ಮಾರ್ಚಿನ ಚುನಾವಣೆಯಲ್ಲಿ ಇಂದಿರಾ ಸ್ವತಃ ರಾಯ್‌ಬರೇಲಿಯಲ್ಲಿ ಸೋತರು. ಅದೇ ಚುನಾವಣೆಯಲ್ಲಿ ಕರ್ನಾಟಕದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೆ ಬಂದವು. ಒಂದೇ ದೇಶ, ಎರಡು ತೀರ್ಪು. ನಮ್ಮ ಮನೆಯಲ್ಲೂ ಹಾಗೆಯೇ.

ಹೊಸ ಸರಕಾರ ಮೇ ತಿಂಗಳಲ್ಲಿ ನಿವೃತ್ತ ಮುಖ್ಯ ನ್ಯಾಯಮೂರ್ತಿ ಜೆ.ಸಿ. ಶಾ ಅವರ ಆಯೋಗ ನೇಮಿಸಿತು. ಆಯೋಗದ ಕೆಲಸ ಮುಗಿಯುವ ಮೊದಲೇ, ಗೃಹಮಂತ್ರಿ ಚರಣ್ ಸಿಂಗರ ಆತುರಕ್ಕೆ, 1977ರ ಅಕ್ಟೋಬರ್ 3ರಂದು ಸಿಬಿಐ ಇಂದಿರಾ ಅವರನ್ನು ಬಂಧಿಸಿತು. ಆರೋಪ ಎರಡು: ಚುನಾವಣೆಗೆ ಜೀಪುಗಳನ್ನು ಪಡೆದದ್ದು, ಒಂದು ಫ್ರೆಂಚ್ ತೈಲ ಕಂಪನಿಗೆ ಗುತ್ತಿಗೆ ಕೊಟ್ಟದ್ದು. ಸಾವಿರಾರು ಜನ ವಿಚಾರಣೆ ಇಲ್ಲದೆ ಜೈಲಿನಲ್ಲಿ ಕೊಳೆತ ವಿಷಯ ಅದರಲ್ಲಿ ಇರಲೇ ಇಲ್ಲ. ಬೇಡಿ ಹಾಕಿ ಎಂದು ಅವರು ಹಟ ಹಿಡಿದರು. ಹರಿಯಾಣದ ಬಡಖಲ್ ಕಡೆ ಕರೆದೊಯ್ಯುವಾಗ ದಾರಿಯಲ್ಲಿ ರೈಲ್ವೆ ಗೇಟು ಬಿದ್ದಿತ್ತು. ಅವರು ಕಾರಿನಿಂದ ಇಳಿದು ಮೋರಿಯ ಕಟ್ಟೆಯ ಮೇಲೆ ಕೂತುಬಿಟ್ಟರು. ದೆಹಲಿಯ ಗಡಿ ದಾಟಿಸಲು ಆದೇಶ ಎಲ್ಲಿದೆ ಎಂದು ವಕೀಲರು ತಗಾದೆ ತೆಗೆದರು. ಪೊಲೀಸರು ವಾಪಸು ಕರೆತರಬೇಕಾಯಿತು. ಮರುದಿನ ಮ್ಯಾಜಿಸ್ಟ್ರೇಟರು ಬಂಧನಕ್ಕೆ ಆಧಾರ ಸಾಲದೆಂದು ಬಿಡುಗಡೆ ಮಾಡಿದರು.

ಈ ಭಾಗ ಬಂದಾಗಲೆಲ್ಲ ದೊಡ್ಡಪ್ಪ ನಗುತ್ತಿದ್ದರು, ಅಪ್ಪ ಸಿಟ್ಟಾಗುತ್ತಿದ್ದರು. ನನಗೆ ಮಾತ್ರ ಆ ಮ್ಯಾಜಿಸ್ಟ್ರೇಟರೇ ಈ ಕಥೆಯಲ್ಲಿ ಮುಖ್ಯ ಅನ್ನಿಸುತ್ತದೆ. ಅಪ್ಪನ ಗೆಳೆಯನಿಗೆ ಹತ್ತು ತಿಂಗಳಲ್ಲೂ ಸಿಗದ ಮ್ಯಾಜಿಸ್ಟ್ರೇಟ್ ಇಂದಿರಾ ಅವರಿಗೆ ಒಂದೇ ದಿನದಲ್ಲಿ ಸಿಕ್ಕರು. ಸಿಗಲೇಬೇಕಿತ್ತು. ತುರ್ತು ಪರಿಸ್ಥಿತಿ ಮುಗಿದಿದೆ ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇನ್ನೇನು ಬೇಕು?

ಶಾ ಆಯೋಗದ ಮುಂದೆ 1978ರ ಜನವರಿಯಲ್ಲಿ ಅವರು ಪ್ರಮಾಣ ಮಾಡಲು ಒಪ್ಪಲಿಲ್ಲ. ಆ ವರ್ಷವೇ ಆಯೋಗ ಮೂರು ಕಂತುಗಳಲ್ಲಿ ವರದಿ ಕೊಟ್ಟಿತು. 1 ಲಕ್ಷ 10 ಸಾವಿರಕ್ಕೂ ಹೆಚ್ಚು ಜನರ ಬಂಧನ, 1976–77ರ ಒಂದೇ ವರ್ಷದಲ್ಲಿ 81 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆ, ಪತ್ರಿಕೆಗಳ ಕರೆಂಟು ತೆಗೆಸಿದ ರಾತ್ರಿ, ಎಲ್ಲವೂ ಅದರಲ್ಲಿದೆ. ಆದರೆ ಆಯೋಗ ಕೋರ್ಟಲ್ಲ. ಅದು ನಡೆದದ್ದನ್ನು ದಾಖಲಿಸಬಹುದು, ಶಿಕ್ಷೆ ಕೊಡಲಾರದು.

ಅಷ್ಟರಲ್ಲಿ ಚಿಕ್ಕಮಗಳೂರು ಬಂತು. ಸಂಸದ ಡಿ.ಬಿ. ಚಂದ್ರೇಗೌಡರು ರಾಜೀನಾಮೆ ಕೊಟ್ಟು ಜಾಗ ಬಿಟ್ಟುಕೊಟ್ಟರು. ಎದುರಾಳಿ ಜನತಾ ಪಕ್ಷದ ವೀರೇಂದ್ರ ಪಾಟೀಲರು. ಜಾರ್ಜ್ ಫೆರ್ನಾಂಡಿಸರು ಬಂದು ಊರೂರು ಸುತ್ತಿದರು. ಅಪ್ಪ ಬೊಂಬಾಯಿಯಿಂದ ಇನ್‌ಲ್ಯಾಂಡ್ ಪತ್ರ ಬರೆದರು: ಅಣ್ಣಯ್ಯ, ಈ ಸಲ ಒಂದು ಸಲ ಯೋಚನೆ ಮಾಡಿ ಓಟು ಹಾಕು. ದೊಡ್ಡಪ್ಪ ಉತ್ತರದಲ್ಲಿ ಅಡಿಕೆ ಕೊಯ್ಲಿನ ಸುದ್ದಿ, ಅಜ್ಜಿಯ ಮಂಡಿನೋವು ಎಲ್ಲ ಬರೆದು, ಕೊನೆಯ ಸಾಲಿನಲ್ಲಿ "ಯೋಚನೆ ಮಾಡಿಯೇ ಹಾಕ್ತೇನೆ, ಗದ್ದೆ ನನ್ನ ಕಣ್ಣೆದುರೇ ಇದೆ" ಎಂದಿದ್ದರು. 1978ರ ನವೆಂಬರಿನಲ್ಲಿ ಇಂದಿರಾ 77 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. "ನಮ್ಮೂರಿನ ಕೋರ್ಟು ತೀರ್ಪು ಕೊಟ್ಟಾಯ್ತು ಮಾರಾಯ" ಎನ್ನುವುದು ಅಂದಿನಿಂದ ದೊಡ್ಡಪ್ಪನ ಮಾತು.

ಆ ತೀರ್ಪು ಒಂದೂವರೆ ತಿಂಗಳು ಬಾಳಲಿಲ್ಲ. ಡಿಸೆಂಬರ್ 19ರಂದು ಲೋಕಸಭೆ ಅವರ ಸದಸ್ಯತ್ವ ಕಿತ್ತು ತಿಹಾರ್ ಜೈಲಿಗೆ ಕಳಿಸಿತು. ಅವರು ಪ್ರಧಾನಿಯಾಗಿದ್ದಾಗ, ಮಾರುತಿ ಕಂಪನಿಯ ಬಗ್ಗೆ ಸಂಸತ್ತಿನ ಪ್ರಶ್ನೆಗೆ ಮಾಹಿತಿ ಕಲೆಹಾಕುತ್ತಿದ್ದ ಅಧಿಕಾರಿಗಳಿಗೆ ಕಿರುಕುಳ ಕೊಟ್ಟರು ಎಂಬುದು ಕಾರಣ. ಇದೂ ಕ್ರಿಮಿನಲ್ ಕೋರ್ಟಿನ ತೀರ್ಪಲ್ಲ, ಹಕ್ಕುಚ್ಯುತಿ. ಬಹುಮತ ಇದ್ದವರು ಕೈಯೆತ್ತಿದರು, ಅಷ್ಟೇ. ಮರುದಿನ ಇಬ್ಬರು ಯುವಕರು ಆಟಿಕೆ ಆಯುಧ ಹಿಡಿದು ವಿಮಾನ ಅಪಹರಿಸಿ ಅವರ ಬಿಡುಗಡೆ ಕೇಳಿದರು. ಆ ಇಬ್ಬರಿಗೂ 1980ರಲ್ಲಿ ಕಾಂಗ್ರೆಸ್ ಟಿಕೆಟ್ ಸಿಕ್ಕಿ, ಉತ್ತರಪ್ರದೇಶದಲ್ಲಿ ಶಾಸಕರಾದರು. ಇಂದಿರಾ ಡಿಸೆಂಬರ್ 26ರಂದು ಹೊರಬಂದರು. ಮುಂದೆ 1981ರಲ್ಲಿ ಅವರದೇ ಬಹುಮತದ ಲೋಕಸಭೆ ಆ ನಿರ್ಣಯವನ್ನೇ ರದ್ದು ಮಾಡಿತು.

ನಿಜವಾದ ಮೊಕದ್ದಮೆಗೆ ಒಂದು ದಾರಿ ತೆರೆದದ್ದು ಇದೇ ಹೊತ್ತಿಗೆ. ತುರ್ತು ಪರಿಸ್ಥಿತಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದವರ ಅಪರಾಧಗಳಿಗೆ ವಿಶೇಷ ನ್ಯಾಯಾಲಯ ಮಾಡಬಹುದೇ ಎಂದು ಸುಪ್ರೀಂ ಕೋರ್ಟನ್ನು ಕೇಳಲಾಗಿತ್ತು. ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡರ ಏಳು ಮಂದಿಯ ಪೀಠ 1978ರ ಡಿಸೆಂಬರ್ 1ರಂದು, ಮಾಡಬಹುದು ಎಂದಿತು. ಆದರೆ ನಿವೃತ್ತರನ್ನು ತಂದು ಕೂರಿಸಬೇಡಿ, ಹಾಲಿ ಹೈಕೋರ್ಟ್ ನ್ಯಾಯಾಧೀಶರೇ ಇರಲಿ, ಆರೋಪಿಗೆ ಅನ್ಯಾಯವಾಗದಂತೆ ನೋಡಿಕೊಳ್ಳಿ ಎಂದು ಎಚ್ಚರಿಸಿತು. ಕಾಯ್ದೆ ಬಂದದ್ದು 1979ರ ಮೇಯಲ್ಲಿ. ಜುಲೈಯಲ್ಲಿ ಮೊರಾರ್ಜಿ ಸರಕಾರವೇ ಬಿತ್ತು. 1980ರ ಜನವರಿಯಲ್ಲಿ ಇಂದಿರಾ ಮತ್ತೆ ಪ್ರಧಾನಿ. ಮೊಕದ್ದಮೆಗಳು ಒಂದೊಂದಾಗಿ ಉದುರಿಹೋದವು. ಚಿಕ್ಕಮಗಳೂರಿನಲ್ಲಿ ಅವರ ಎದುರು ನಿಂತಿದ್ದ ವೀರೇಂದ್ರ ಪಾಟೀಲರು ಅವರದೇ ಸಂಪುಟದಲ್ಲಿ ಮಂತ್ರಿಯಾದರು. ರಾಜಕಾರಣಿಗಳು ರಾಜಿಯಾದರು, ನಮ್ಮ ಮನೆಯ ಅಣ್ಣತಮ್ಮಂದಿರು ಆಗಲಿಲ್ಲ.

ಇನ್ನೊಂದು ಪಕ್ಕವನ್ನೂ ಹೇಳಬೇಕು. ಜಾರ್ಜ್ ಮೇಲೆ ಬರೋಡಾ ಡೈನಮೈಟ್ ಮೊಕದ್ದಮೆ ಇತ್ತು. 1977ರಲ್ಲಿ ಜೈಲಿನಿಂದಲೇ ಗೆದ್ದರು, ಅವರ ಪಕ್ಷ ಅಧಿಕಾರಕ್ಕೆ ಬಂತು, ಮೊಕದ್ದಮೆ ವಾಪಸಾಯಿತು. ಅದೇ ಪ್ರಕರಣದ ನೆಪದಲ್ಲಿ ಬೆಂಗಳೂರಿನ ಜೈಲು ಸೇರಿದ್ದ, 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಮಾತ್ರ ಪೆರೋಲಿನ ಮೇಲೆ ಹೊರಬಂದು ಐದೇ ದಿನಕ್ಕೆ, 1977ರ ಜನವರಿ 20ರಂದು, ತೀರಿಕೊಂಡರು. ಅಪ್ಪನಿಗೆ ಈ ಕೇಸು ವಾಪಸಾದದ್ದು ನ್ಯಾಯ, ಆ ಕೇಸು ಬಿದ್ದದ್ದು ಅನ್ಯಾಯ. ದೊಡ್ಡಪ್ಪನಿಗೆ ತಿರುಗಾಮುರುಗಾ. ನಿಜ ಏನೆಂದರೆ ಎರಡನ್ನೂ ಮುಗಿಸಿದ್ದು ಸಾಕ್ಷಿಯಲ್ಲ, ಚುನಾವಣೆ.

ಕೋರ್ಟಿನಲ್ಲೇ ಕೊನೆಯವರೆಗೆ ನಡೆದ ಮೊಕದ್ದಮೆ ನಮ್ಮಲ್ಲಿ ಪಿ.ವಿ. ನರಸಿಂಹರಾಯರದು. 1993ರ ಅವಿಶ್ವಾಸ ಗೊತ್ತುವಳಿಯಲ್ಲಿ ಸಂಸದರಿಗೆ ಲಂಚ ಕೊಟ್ಟ ಆರೋಪದಲ್ಲಿ 2000ದಲ್ಲಿ ವಿಶೇಷ ನ್ಯಾಯಾಲಯ ಅವರಿಗೆ ಮೂರು ವರ್ಷ ಶಿಕ್ಷೆ ಕೊಟ್ಟಿತು. 2002ರಲ್ಲಿ ದೆಹಲಿ ಹೈಕೋರ್ಟ್ ಖುಲಾಸೆ ಮಾಡಿತು. ಆ ನಡುವೆ, ಲಂಚ ಪಡೆದು ಓಟು ಹಾಕಿದ ಸಂಸದರಿಗೆ ಸಂವಿಧಾನದ ರಕ್ಷಣೆ ಇದೆ ಎಂದು 1998ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಅದು ತಪ್ಪೆಂದು 2024ರ ಮಾರ್ಚಿನಲ್ಲಿ ತಿದ್ದಿದ್ದೂ ಏಳು ಮಂದಿಯ ಪೀಠವೇ. ಅದರ ಮುಖ್ಯಸ್ಥರು ಡಿ.ವೈ. ಚಂದ್ರಚೂಡ್, ಹಿಂದಿನ ಆ ಚಂದ್ರಚೂಡರ ಮಗ. ನರಸಿಂಹರಾಯರ ಪ್ರಕರಣದಲ್ಲಿ ಕಡೆಗೆ ಉಳಿದದ್ದು ಖುಲಾಸೆಯಾದರೂ ಪ್ರಶ್ನೆಗೆ ಉತ್ತರ ಸಿಕ್ಕಿತು. ಆರೋಪ, ಸಾಕ್ಷಿ, ತೀರ್ಪು, ಮೇಲ್ಮನವಿ, ಎಲ್ಲ ಕಾಗದದ ಮೇಲಿದೆ. ನಮ್ಮ ಕಾನೂನಿನಲ್ಲಿ ಮೊಕದ್ದಮೆಯಿಂದ ವಿನಾಯ್ತಿ ಇರುವುದು ರಾಷ್ಟ್ರಪತಿ ಮತ್ತು ರಾಜ್ಯಪಾಲರಿಗೆ, ಅದೂ ಹುದ್ದೆಯಲ್ಲಿರುವಷ್ಟು ದಿನ. ಪ್ರಧಾನಿಗೆ ಇಲ್ಲ, ಮಾಜಿ ಪ್ರಧಾನಿಗಂತೂ ಇಲ್ಲವೇ ಇಲ್ಲ.

ಟಿಟ್ವಾಳಾದಲ್ಲಿ ನಮ್ಮ ಕಟ್ಟಡದ ಕೆಳಗಿನ ಮನೆಯಲ್ಲಿ ಒಬ್ಬ ರಿಕ್ಷಾ ಚಾಲಕನಿದ್ದಾನೆ. ಸ್ಟ್ಯಾಂಡಿನಲ್ಲಿ ನಡೆದ ಒಂದು ಹೊಡೆದಾಟದ ಕೇಸು ಒಂಬತ್ತು ವರ್ಷದಿಂದ ಅವನ ಬೆನ್ನಿಗಿದೆ. ತಾರೀಖು ಬಂದ ದಿನ ರಿಕ್ಷಾ ಮನೆಯೆದುರೇ ನಿಂತಿರುತ್ತದೆ, ದಿನದ ಗಳಿಕೆ ಖೋತಾ. ಈ ಒಂಬತ್ತು ವರ್ಷದಲ್ಲಿ ಮುಂಬಯಿಯಲ್ಲಿ ಎಷ್ಟು ಸರಕಾರ ಬಂದು ಹೋದವೋ, ಅವನ ಕೇಸನ್ನು ಯಾವುದೂ ಮುಗಿಸಲಿಲ್ಲ. "ನಾನೂ ಎಲೆಕ್ಷನ್‌ಗೆ ನಿಲ್ಲಬೇಕು ಕಾಣುತ್ತೆ" ಎಂದು ಅವನು ಮರಾಠಿಯಲ್ಲಿ ತಮಾಷೆ ಮಾಡುತ್ತಾನೆ. ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂದು ಮಗನಿಗೆ ಹೇಳಿಕೊಡುವಾಗ ನನಗೆ ಈ ಮನುಷ್ಯನ ಮುಖ ಎದುರಿಗೆ ಬರುತ್ತದೆ.

ಇಲ್ಲಿನ ಮಹಾಗಣಪತಿ ದೇವಸ್ಥಾನಕ್ಕೆ ಅಂಗಾರಕಿ ಚತುರ್ಥಿಯಂದು ಲೋಕಲ್ ತುಂಬಾ ಜನ ಬರುವುದು ನಿಮಗೆ ಗೊತ್ತೇ ಇದೆ. ಕಣ್ವರ ಆಶ್ರಮ ಇಲ್ಲೇ ಇತ್ತು, ದುಷ್ಯಂತ ಮತ್ತೆ ಸಿಗಲಿ ಎಂದು ಶಕುಂತಲೆ ಪೂಜಿಸಿದ ಗಣಪತಿ ಇದು ಎಂದು ಸ್ಥಳಪುರಾಣ. ಊರಿನಿಂದ ನೆಂಟರು ಬಂದರೆ ಅಲ್ಲಿಗೆ ಕರೆದುಕೊಂಡು ಹೋಗುತ್ತೇವೆ. ದೊಡ್ಡಪ್ಪ ಒಮ್ಮೆ ಬಂದಿದ್ದಾಗ ಕಥೆ ಕೇಳಿ, "ರಾಜನೇ ನೆನಪಿಲ್ಲ ಅಂದ್ರೆ ಯಾರ ಹತ್ರ ಹೇಳಿಕೊಳ್ಳೋದು?" ಎಂದರು. ಅಪ್ಪ ತಟಕ್ಕನೆ, "ಅದನ್ನೇ ಅಣ್ಣಯ್ಯ ನಾನು ಇಷ್ಟು ವರ್ಷ ಹೇಳ್ತಿರೋದು" ಅಂದರು. ದೊಡ್ಡಪ್ಪ ಆ ದಿನ ಮಾತ್ರ ಎದುರಾಡಲಿಲ್ಲ.

ದೊಡ್ಡಪ್ಪನ ಓಟು ಸುಳ್ಳಲ್ಲ. ಭೂಮಿ ಸಿಕ್ಕಿದವನ ಕೃತಜ್ಞತೆಯನ್ನು ಹಗುರ ಮಾಡಲು ನನಗೆ ಮನಸ್ಸಿಲ್ಲ. ಆದರೆ ಅವರಿಗೆ ಗದ್ದೆ ಸಿಕ್ಕಿತು ಎನ್ನುವುದು, ಅಪ್ಪನ ಗೆಳೆಯನನ್ನು ಯಾಕೆ ಹಿಡಿದರು ಎನ್ನುವ ಪ್ರಶ್ನೆಗೆ ಉತ್ತರವಲ್ಲ. ಆ ಉತ್ತರ 77 ಸಾವಿರ ಮತಗಳ ಅಂತರದಲ್ಲೂ ಇಲ್ಲ, ಲೋಕಸಭೆಯಲ್ಲಿ ಎತ್ತಿದ ಕೈಗಳಲ್ಲೂ ಇಲ್ಲ. ಸಾವಧಾನವಾಗಿ, ಆರೋಪಿಗೂ ಪೂರ್ತಿ ಅವಕಾಶ ಕೊಟ್ಟು ನಡೆಯುವ ವಿಚಾರಣೆಯಲ್ಲಿ ಮಾತ್ರ ಸಿಗಬಹುದಾಗಿತ್ತು. ಕೊನೆಗೆ ಖುಲಾಸೆಯೇ ಆಗಿದ್ದರೂ ಚಿಂತೆಯಿರಲಿಲ್ಲ.

ಶಾ ಆಯೋಗದ ವರದಿಯ ಪ್ರತಿಗಳು 1980ರ ನಂತರ ಕಣ್ಣಿಗೆ ಬೀಳುವುದೇ ಅಪರೂಪವಾಯಿತು. ತಮಿಳುನಾಡಿನ ಸಂಸದರಾಗಿದ್ದ ಇರಾ ಸೆಳಿಯನ್ ತಮ್ಮಲ್ಲಿ ಉಳಿದಿದ್ದ ಪ್ರತಿಯಿಂದ 2010ರಲ್ಲಿ ಅದನ್ನು ಮತ್ತೆ ಅಚ್ಚು ಹಾಕಿಸಿದರು. ಮಗ ಅದನ್ನು ಫೋನಿನಲ್ಲಿ ಹುಡುಕಿ ತೆಗೆದ. ಬಂಧಿತರ ಸಂಖ್ಯೆಯ ಪಟ್ಟಿ ರಾಜ್ಯವಾರು ಇದೆ. ಮಹಾರಾಷ್ಟ್ರದ ಸಾಲಿಗೆ ಬಂದಾಗ, "ಅಜ್ಜನ ಫ್ರೆಂಡು ಈ ನಂಬರಿನಲ್ಲಿ ಇದ್ದಾರಾ?" ಎಂದು ಕೇಳಿದ. ಇದ್ದಾರೆ ಎಂದೆ.