ಮುಂದಿನ ಆದೇಶದವರೆಗೆ

ಈಜು ಕಲಿಯೋಕೆ ದುಡ್ಡು ಕಟ್ಟಬೇಕು ಅಂದಾಗ ಸಾಸ್ವೆಹಳ್ಳಿಯ ನಮ್ಮ ಮನೆಯಲ್ಲಿ ಎಲ್ಲರೂ ನಕ್ಕಿದ್ದರು. ನಗದೆ ಇನ್ನೇನು ಮಾಡ್ತಾರೆ? ಕೂಡ್ಲಿಯಲ್ಲಿ ತುಂಗೆ, ಭದ್ರೆ ಎರಡೂ ಕೂಡಿಕೊಂಡು ಹರಿದು ಬರುವ ಹೊಳೆ ಊರ ಮಗ್ಗುಲಲ್ಲೇ ಇದೆ. ನಮ್ಮ ವಾರಿಗೆಯವರಿಗೆ ಈಜು ಕಲಿಸಿದ್ದು ಸೋರೆ ಬುರುಡೆ, ಬಾಳೆ ದಿಂಡು, ಎರಡೂ ಸಿಗದಿದ್ದರೆ ಸೋದರಮಾವ. ಸೊಂಟಕ್ಕೆ ಹಗ್ಗ ಬಿಗಿದು ತೋಟದ ಬಾವಿಗೆ ನೂಕಿಬಿಡುತ್ತಿದ್ದ. ನಾಲ್ಕು ಗುಟುಕು ನೀರು ಕುಡಿದ ಮೇಲೆ ಕೈಕಾಲು ತಾವಾಗೇ ಆಡುತ್ತಿದ್ದವು. ಫೀಸು, ಬ್ಯಾಚು, ತಲೆಗೆ ರಬ್ಬರ್ ಟೋಪಿ ಯಾವುದೂ ಇರಲಿಲ್ಲ.

"ಕೊಳ ನೋಡಬೇಕಾದ್ರೆ ಸಂತೇಬೆನ್ನೂರಿಗೆ ಹೋಗಿ ಬಾ, ಪುಗಸಟ್ಟೆ ನೋಡಬಹುದು" ಅಂತ ಅಪ್ಪ ಬೇರೆ ಚುಚ್ಚಿದರು. ಅವರು ಹೇಳಿದ್ದು ಅಲ್ಲಿನ ಪುಷ್ಕರಣಿ ಮಾತು. 16ನೇ ಶತಮಾನದಲ್ಲಿ ಪಾಳೇಗಾರ ಹನುಮಪ್ಪ ನಾಯಕ ಕಟ್ಟಿಸಿದ್ದು. ನಾಲ್ಕೂ ಕಡೆ ಮೆಟ್ಟಿಲು, ನಡುನೀರಲ್ಲಿ ವಸಂತ ಮಂಟಪ, ಪಕ್ಕದಲ್ಲಿ ಮುಸಾಫಿರ್‌ಖಾನೆ. ನೋಡೋಕೆ ಎರಡು ಕಣ್ಣು ಸಾಲದು. ಆದರೆ ಅದು ಪುರಾತತ್ವ ಇಲಾಖೆಯ ಸುಪರ್ದಿನಲ್ಲಿರುವ ಸ್ಮಾರಕ, ನೋಡಿ ಬರಬೇಕೇ ಹೊರತು ಧುಮುಕುವ ಹಾಗಿಲ್ಲ. ನಮ್ಮ ಸೀಮೆಯ ಅತಿ ಚೆಂದದ ಕೊಳದ ಕಥೆ ಇದು.

ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ ಸಿಕ್ಕಿ ನಾನು ಪೇಟೆ ಸೇರಿದವನು. ಪೇಟೆಯಲ್ಲಿ ಹೊಳೆ ಎಲ್ಲಿ ತರೋದು? 2020ರ ಸಂಕ್ರಾಂತಿ ಕಳೆದ ಮೇಲೆ ಮಗಳನ್ನು ಸಾರ್ವಜನಿಕ ಈಜುಕೊಳಕ್ಕೆ ಸೇರಿಸಿದೆ. ಯಾವ ಪೇಟೆ ಅಂತ ಕೇಳಬೇಡಿ. ಮುಂದಿನ ಎರಡು ವರ್ಷದಲ್ಲಿ ಹೆಚ್ಚಿನ ದಿನ ಕರ್ನಾಟಕದ ಯಾವ ಈಜುಕೊಳಕ್ಕೆ ಹೋಗಿದ್ದರೂ ಗೇಟಿಗೆ ಬೀಗವೇ ಕಾಣುತ್ತಿತ್ತು.

ಬೆಳಗಿನ ಆರೂವರೆ ಬ್ಯಾಚು ಒಂದು ಸಂಸಾರದ ಹಾಗೆ ಇತ್ತು. ಮಂಡಿನೋವಿಗೆ ಡಾಕ್ಟರು ನೀರೇ ಮದ್ದು ಅಂತ ಬರೆದುಕೊಟ್ಟಿದ್ದ ಬಟ್ಟೆ ಅಂಗಡಿ ಸಾಹುಕಾರರು, ರಿಟೈರಾದ ಫಿಸಿಕ್ಸ್ ಮೇಷ್ಟ್ರು, ಪೊಲೀಸ್ ಭರ್ತಿಗೆ ತಯಾರಿ ಮಾಡ್ತಿದ್ದ ಇಬ್ಬರು ಹುಡುಗರು, ಉಳಿದಂತೆ ಮಕ್ಕಳ ದಂಡು. ಮಗಳು ಗೋಡೆ ಹಿಡಿದು ಕಾಲು ಬಡಿಯೋದು ಮುಗಿಸಿ, ಹಲಗೆ ಹಿಡಿದು ಅಡ್ಡಗಲ ದಾಟಿ, ಇನ್ನೇನು ಹಲಗೆ ಬಿಡಬೇಕು ಅನ್ನೋ ಹೊತ್ತಿಗೆ ಕೊರೊನಾ ಬಂತು. ಗೇಟಿಗೆ ಒಂದು ಎ-ಫೋರ್ ಹಾಳೆ ಅಂಟಿಸಿದರು. 'ಮುಂದಿನ ಆದೇಶದವರೆಗೆ ಈಜುಕೊಳವನ್ನು ಮುಚ್ಚಲಾಗಿದೆ.'

ಆಗ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ದೇಶವೇ ಬಾಗಿಲು ಹಾಕಿಕೊಂಡಿತ್ತು. ಸಿಟ್ಟು ಬಂದಿದ್ದು ಒಂದೊಂದೇ ಬಾಗಿಲು ತೆರೆಯೋಕೆ ಶುರುವಾದಾಗ. ಮೇ 4ಕ್ಕೆ ಮದ್ಯದಂಗಡಿ ತೆಗೆದರು, ಸಾಲು ರಸ್ತೆ ತಿರುವಿನವರೆಗೂ ಹೋಗಿತ್ತು. ಜೂನ್ 8ಕ್ಕೆ ದೇವಸ್ಥಾನ, ಹೋಟೆಲು, ಮಾಲು. ಆಗಸ್ಟ್ 5ಕ್ಕೆ ಜಿಮ್ಮು. ಮುಚ್ಚಿದ ಕೋಣೆಯಲ್ಲಿ ಹತ್ತು ಜನ ಒಬ್ಬರ ಎದುರು ಒಬ್ಬರು ಏದುಸಿರು ಬಿಟ್ಟರೆ ನಡೀತದೆ, ಆಕಾಶದ ಕೆಳಗೆ ಕ್ಲೋರಿನ್ ನೀರಲ್ಲಿ ಇಳಿದರೆ ಆಗೋದಿಲ್ಲ! ಗೇಟಿನ ಎದುರಿನ ಚಹಾ ಅಂಗಡಿಯಲ್ಲಿ ನಮ್ಮ ಬ್ಯಾಚು ದಿನಾ ಸೇರಿ ಇದನ್ನೇ ಜಗಿಯುತ್ತಿತ್ತು. "ನಾವು ಕೊಳಕ್ಕೆ ನೀರಿನ ಬದಲು ಬ್ರಾಂದಿ ತುಂಬಿಸಿದ್ರೆ ಮೇ ತಿಂಗಳಲ್ಲೇ ತೆಗೀತಿದ್ರು" ಅಂತ ಸಾಹುಕಾರರು ಹೇಳಿದ್ದು ಊರೆಲ್ಲಾ ಹಬ್ಬಿತ್ತು.

ದೊಡ್ಡವರ ಪಾಡೂ ಅದೇ ಆಗಿತ್ತು ಬಿಡಿ. ಒಲಿಂಪಿಕ್ಸ್‌ಗೆ ಹೋಗಿಬಂದ ವೀರಧವಳ ಖಾಡೆ, ಹೀಗೇ ಆದರೆ ಈಜಿಗೆ ನಿವೃತ್ತಿ ಹೇಳಬೇಕಾದೀತು ಅಂತ ಆ ಜೂನ್‌ನಲ್ಲಿ ಬಹಿರಂಗವಾಗಿಯೇ ಅಲವತ್ತುಕೊಂಡರು. ನಮ್ಮ ಬೆಂಗಳೂರಿನ ಶ್ರೀಹರಿ ನಟರಾಜ್ ಅವರನ್ನು ಆಗಸ್ಟ್‌ನಲ್ಲಿ ಕ್ರೀಡಾ ಪ್ರಾಧಿಕಾರ ದುಬೈಗೆ ಕಳಿಸಿ ಅಭ್ಯಾಸ ಮಾಡಿಸಬೇಕಾಯಿತು. ಮಾರನೇ ವರ್ಷ ಆತ ಟೋಕಿಯೊದಲ್ಲಿ ಈಜಿದ. ಬಟ್ಟೆ ಅಂಗಡಿ ಸಾಹುಕಾರರ ಮಂಡಿಯನ್ನು ಯಾರು ದುಬೈಗೆ ಕಳಿಸ್ತಾರೆ?

 

ಒಂದು ಸಂಜೆ ವಾಚ್‌ಮನ್ನು ಗೇಟು ಓರೆ ಮಾಡಿ ನನ್ನನ್ನು ಒಳಗೆ ಬಿಟ್ಟ. ಇಪ್ಪತ್ತೈದು ಮೀಟರಿನ ಕೊಳ, ಹೆಚ್ಚುಕಡಿಮೆ ನಾಲ್ಕೂವರೆ ಲಕ್ಷ ಲೀಟರು ನೀರು. ಅಷ್ಟೂ ನೀರು ಪಾಚಿಗಟ್ಟಿ ಹಸಿರಾಗಿತ್ತು. ಗೋಡೆ ಮೇಲೆ ಕೆಂಪು ಬಣ್ಣದಲ್ಲಿ ಬರೆದಿದ್ದ ಆಳದ ಅಂಕಿಗಳ ಅರ್ಧ ಮಾತ್ರ ಕಾಣುತ್ತಿತ್ತು. ಡೆಂಗಿ ಸೊಳ್ಳೆ ಮೊಟ್ಟೆ ಇಟ್ಟೀತು ಅಂತ ಆರೋಗ್ಯ ಇಲಾಖೆಯವರು ಗಪ್ಪಿ ಮೀನು ಬಿಟ್ಟು ಹೋಗಿದ್ದರು. ಒಟ್ಟಿನಲ್ಲಿ ಈಜುಕೊಳದಲ್ಲಿ ಈಜು ನಿಂತಿರಲಿಲ್ಲ.

"ನೀರು ಖಾಲಿ ಮಾಡಬಾರದಿತ್ತಾ?" ಅಂದೆ.

"ಏ, ಖಾಲಿ ಮಾಡಂಗಿಲ್ಲ ಸಾ. ಮಳೆಗಾಲದಾಗೆ ಅಡಿ ನೀರು ಮೇಲೊತ್ತಿ ತಳಾನೇ ಎದ್ದು ಬತ್ತತಿ. ಟೈಲ್ಸೆಲ್ಲಾ ಚೂರಾತವೆ. ನೀರಿರಬೇಕು, ನೀರು ತಿರುಗ್ತಾನೂ ಇರಬೇಕು. ಪಂಪು ನಿಂತ್ರೆ ಫಿಲ್ಟರ್‌ನ ಮರಳು ಗಟ್ಟಿಯಾಗಿ ಕಲ್ಲಾತತಿ."

ಪಂಪ್ ಮನೆಗೆ ಕರಕೊಂಡು ಹೋಗಿ ತೋರಿಸಿದ. ಕರೆಂಟ್ ಬಿಲ್ಲು ಕಟ್ಟೋರಿಲ್ಲ ಅಂತ ಮೋಟಾರು ಆರಿಸಿದ್ದರು. ಅದು ತುಕ್ಕು ಹಿಡಿದು ಕೂತುಬಿಟ್ಟೀತು ಅಂತ ಈತ ವಾರಕ್ಕೊಮ್ಮೆ ಪೈಪ್ ಪಾನಾ ಹಾಕಿ ಪಂಪಿನ ಶಾಫ್ಟನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ, ಸೀಮೆಎಣ್ಣೆ ಬಿಟ್ಟು ಬರುತ್ತಿದ್ದ. ಯಾರೂ ಹೇಳಿದ್ದಲ್ಲ. ಗುತ್ತಿಗೆ ನೌಕರ, ತಿಂಗಳುಗಟ್ಟಲೆ ಸಂಬಳವೂ ಬಂದಿರಲಿಲ್ಲ. ನನ್ನ ಮಟ್ಟಿಗೆ ಆ ಎರಡು ವರ್ಷ ಆ ಕೊಳವನ್ನು ಕಾಪಾಡಿದ ಸರ್ಕಾರ ಅಂದರೆ ಅವನೊಬ್ಬನೇ.

ಅಕ್ಟೋಬರ್ 15ಕ್ಕೆ ಕೇಂದ್ರದವರು ಕ್ರೀಡಾಪಟುಗಳ ತರಬೇತಿಗೆ ಮಾತ್ರ ಈಜುಕೊಳ ತೆಗೀಬಹುದು ಅಂದರು. ನಮ್ಮಲ್ಲಿ ಅಂಥ ನೋಂದಾಯಿತ ಪಟುಗಳು ಇರಲಿಲ್ಲವಾದ್ದರಿಂದ ಬೀಗ ಹಾಗೇ ಇತ್ತು. 2021ರ ಫೆಬ್ರವರಿ 1ರಿಂದ ಎಲ್ಲರಿಗೂ ತೆಗೀಬಹುದು ಅಂತ ಆದೇಶ ಬಂತು. ಆಗ ಗೊತ್ತಾಯಿತು, ಆದೇಶ ತೆರೆದರೆ ಕೊಳ ತೆರೆಯೋದಿಲ್ಲ ಅಂತ. ಫಿಲ್ಟರು ಹಾಳಾಗಿತ್ತು, ಮೆಟ್ಟಿಲ ಹತ್ತಿರ ಟೈಲ್ಸು ಕಿತ್ತಿತ್ತು. ಅಂದಾಜು ಪಟ್ಟಿ ಆಗಬೇಕು, ಟೆಂಡರು ಆಗಬೇಕು. ಅಂತೂ ಮಾರ್ಚ್‌ನಲ್ಲಿ ತೆಗೆದರು. ರಜೆಗೆ ಮುಂಚೆಯೇ ಬಂದಿದ್ದ ನಮ್ಮಕ್ಕನ ಮಗನೂ ಮಗಳ ಜೊತೆ ಸೇರಿಕೊಂಡ. ಹುಡುಗ ಚುರುಕು, ಬೇಗನೇ ಈ ಗೋಡೆಯಿಂದ ಆ ಗೋಡೆಗೆ ಮುಟ್ಟೋಕೆ ಕಲಿತ. ಏಪ್ರಿಲ್ 2ಕ್ಕೆ ರಾಜ್ಯ ಸರ್ಕಾರ ಜಿಮ್ಮು, ಈಜುಕೊಳ ಎರಡನ್ನೂ ಮತ್ತೆ ಮುಚ್ಚಿಸಿತು. ಜಿಮ್ಮಿನವರು ಗಲಾಟೆ ಮಾಡಿದರು. ಮಾರನೇ ದಿನವೇ ಅರ್ಧ ಜನ ಇಟ್ಟುಕೊಂಡು ನಡೆಸಿ ಅಂತ ಅವರಿಗೆ ಬಿಟ್ಟರು. ಈಜುವವರಿಗೆ ಗಲಾಟೆ ಮಾಡೋಕೂ ಒಂದು ಸಂಘ ಇರಲಿಲ್ಲ.

ಆಮೇಲೆ ಬಂದ ಎರಡನೇ ಅಲೆ ನಿಮಗೇ ಗೊತ್ತು. ಆಕ್ಸಿಜನ್ ಇಲ್ಲದೆ ಜನ ಸಾಯ್ತಿದ್ದ ಮೇ ತಿಂಗಳಲ್ಲಿ ಈಜುಕೊಳದ ಮಾತೆತ್ತುವ ಮುಖ ನಮಗಾರಿಗೂ ಇರಲಿಲ್ಲ. ಏಪ್ರಿಲ್ 27ರ ಲಾಕ್‌ಡೌನಿಗೆ ಮುಂಚೆಯೇ ಗಂಟುಮೂಟೆ ಕಟ್ಟಿಕೊಂಡು ಸಾಸ್ವೆಹಳ್ಳಿ ಸೇರಿಕೊಂಡಿದ್ದೆವು.

ಈಗ ಹೊಳೆ ವಿಷಯಕ್ಕೆ ಬರ್ತೀನಿ.

ಬೇಸಿಗೆಯ ಹೊಳೆ ನೋಡೋಕೆ ಬಲು ಸಾಧು. ಬಂಡೆ ನಡುವೆ ಮೊಣಕಾಲುದ್ದ ನೀರು. ಹಿಂದೆ ಊರಿನ ದೊಡ್ಡವರಿಗೆ ಅದರ ತಳ ಅಂಗೈ ಮೇಲಿನ ಗೆರೆಯಷ್ಟು ಗೊತ್ತಿರುತ್ತಿತ್ತು. ಇಲ್ಲಿ ಮಡು, ಅಲ್ಲಿ ಸುಳಿ, ಆ ಬಂಡೆ ಆಚೆ ಹೋಗಬೇಡಿ ಅಂತ ಮಕ್ಕಳಿಗೆ ಹೇಳಿ ಬಿಟ್ಟರೆ ಮುಗೀತು. ಮಡು ಇದ್ದಲ್ಲೇ ಇರುತ್ತಿತ್ತು. ಮರಳಿಗೆ ಬಂಗಾರದ ಬೆಲೆ ಬಂದ ಮೇಲೆ ಆ ಲೆಕ್ಕ ಕೆಟ್ಟಿತು. ರಾತ್ರೋರಾತ್ರಿ ಮರಳು ಬಗೆದು ಹೋದಲ್ಲಿ ಆಳುದ್ದದ ಗುಂಡಿ ಬೀಳ್ತದೆ, ಮೇಲೆ ನೀರು ನಿಂತರೆ ಗುಂಡಿ ಯಾವುದು, ನೆಲ ಯಾವುದು ತಿಳಿಯೋದಿಲ್ಲ. ಮಳೆಗಾಲದಲ್ಲಿ ಗಾಜನೂರಿನ ಅಣೆಕಟ್ಟೆಯ ಗೇಟು ಎತ್ತಿದ ಮೇಲೆ ಆ ಗುಂಡಿಯೂ ಜಾಗ ಬದಲಾಯಿಸ್ತದೆ. ಅಪ್ಪನಿಗೆ ಗೊತ್ತಿದ್ದ ಹೊಳೆ ಈಗಿಲ್ಲ.

ಅಕ್ಕನ ಮಗ ಒಂದು ದಿನ ಬೆಳಗ್ಗೆ ಊರ ಹುಡುಗರ ಜೊತೆ ನೀರಿಗಿಳಿದ. "ನಂಗೆ ಈಜು ಬರ್ತತಿ" ಅಂತ ಜಂಬ ಬೇರೆ. ಬರುತ್ತಿದ್ದದ್ದು ನಿಜ, ಗೋಡೆಯಿಂದ ಗೋಡೆಗೆ. ಗೋಡೆಯ ಮೇಲೆ ಆಳ ಬರೆದಿರುವ ನೀರಿನಲ್ಲಿ. ಮೊಣಕಾಲುದ್ದದ ನೀರಲ್ಲಿ ನಡೆದು ಹೋಗ್ತಿದ್ದವನು ಇನ್ನೊಂದು ಹೆಜ್ಜೆಗೆ ಕಾಣಲಿಲ್ಲ. ಕೂಗಲೂ ಇಲ್ಲ. ಮುಳುಗುವವರು ಸಿನಿಮಾದಲ್ಲಿ ಕೂಗೋ ಹಾಗೆ ಕೂಗೋದಿಲ್ಲ, ಉಸಿರಿದ್ದರೆ ತಾನೇ ಕೂಗು? ಜೊತೆಗಿದ್ದ ಹುಡುಗರು ಆಟ ಅಂದುಕೊಂಡು ನಗುತ್ತಾ ನಿಂತಿದ್ದರು. ಕೆಳಗಡೆ ಎಮ್ಮೆ ಮೈ ತೊಳೀತಿದ್ದ ಒಬ್ಬ ಹಿರಿಯರ ಕಣ್ಣಿಗೆ ನೀರ ಮೇಲೆ ಎರಡು ಕೈಬೆರಳು ಕಂಡವು. ಓಡಿ ಬಂದವರು ನೀರಿಗೆ ಹಾರಲಿಲ್ಲ, ಗುಂಡಿ ಅಂಚು ಕುಸಿದರೆ ಇಬ್ಬರೂ ಹೋಗ್ತಾರೆ ಅಂತ ಅವರಿಗೆ ಗೊತ್ತಿತ್ತು. ಉಟ್ಟಿದ್ದ ಪಂಚೆ ಬಿಚ್ಚಿ ಒಂದು ತುದಿ ಎಸೆದರು. ಎರಡನೇ ಸಲಕ್ಕೆ ಹುಡುಗ ಹಿಡಿದ. ದಡಕ್ಕೆ ಎಳಕೊಂಡ ಮೇಲೆ ಚಡ್ಡಿಯಲ್ಲಿ ನಿಂತುಕೊಂಡೇ ಅವರು ಆ ಹುಡುಗನ ಏಳು ತಲೆಮಾರಿನವರನ್ನೂ ಬೈದರು. ಅಷ್ಟು ಸಮಾಧಾನದ ಬೈಗುಳ ನಾನು ಇನ್ನೊಂದು ಕೇಳಿಲ್ಲ.

ಅಕ್ಕ ಹೊಳೆಗೆ ಕಾಲಿಟ್ಟರೆ ಕಾಲು ಮುರೀತೀನಿ ಅಂದಳು. ಅಪ್ಪ ಬೇರೆ ದಾರಿ ಹಿಡಿದರು. ಮಾರನೇ ಬೆಳಗ್ಗೆ ಅಡಿಕೆ ಕೊನೆ ಕೀಳುವ ಗಳದ ಒಂದು ತುಂಡು ಹಿಡಿದು ಹೊಳೆಗಿಳಿದು, ಬಂಡೆಯೊಂದರ ಸುತ್ತ ಅಂಗಳದಷ್ಟು ಜಾಗವನ್ನು ಗೇಣು ಬಿಡದೆ ಚುಚ್ಚಿ ನೋಡಿದರು. ನಾಲ್ಕು ಮೂಲೆಗೆ ಕಡ್ಡಿ ನೆಟ್ಟು "ಇದರೊಳಗೆ ಮಾತ್ರ" ಅಂದರು. ದಿನಾ ಮಕ್ಕಳು ಇಳಿಯೋಕೆ ಮುಂಚೆ ಮತ್ತೆ ಗಳ ಹಿಡಿದು ಪರೀಕ್ಷೆ. ಎಪ್ಪತ್ತು ದಾಟಿದ ಮುದುಕರು ಒದ್ದೆ ಪಂಚೆಯಲ್ಲಿ ನಡುನೀರಲ್ಲಿ ನಿಂತು, ಮೊಮ್ಮಕ್ಕಳ ಸೊಂಟದ ಹಗ್ಗ ಹಿಡಿದು ಕಲಿಸಿದರು. ಮಗಳು ಹಲಗೆ ಬಿಟ್ಟಿದ್ದು ಅಲ್ಲಿ. ಆದರೆ ಒಂದು ಮಾತು: ಗಳ ಹಿಡಿದು ನಿಲ್ಲುವ ಅಜ್ಜ ಊರಿಗೆಷ್ಟು ಮಂದಿ ಇದ್ದಾರು? ಹೊಳೆ ಇದ್ದ ಊರಿಗೆ ಕೊಳ ಯಾಕೆ ಅಂತ ನಕ್ಕವರೇ ಆ ಬೇಸಿಗೆಯಲ್ಲಿ, ಹೋಬಳಿಗೊಂದು ಕೊಳ ಇದ್ದಿದ್ದರೆ ಚೆನ್ನಾಗಿತ್ತು ಅನ್ನತೊಡಗಿದ್ದರು.

ಜುಲೈ 5ಕ್ಕೆ ಸಡಿಲಿಕೆ ಬಂದು ನಾವು ಪೇಟೆಗೆ ಮರಳಿದಾಗಲೂ ಈಜುಕೊಳ ಸ್ಪರ್ಧೆಯ ತರಬೇತಿಗೆ ಮಾತ್ರ. ಕಲಿತವರು ಇನ್ನಷ್ಟು ಕಲಿಯಬಹುದು, ಕಲಿಯದವರು ಕಲಿಯೋ ಹಾಗಿಲ್ಲ. ಫಿಸಿಕ್ಸ್ ಮೇಷ್ಟ್ರು ರೊಚ್ಚಿಗೆದ್ದರು. ನಾವು ನಾಲ್ಕಾರು ಜನ ಮನವಿ ಬರೆದುಕೊಂಡು ಕಚೇರಿಗೆ ಹೋದೆವು. ಮೇಷ್ಟ್ರ ಕೈಯಲ್ಲಿ ಒಂದು ಪ್ರಿಂಟು. ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು ಏಪ್ರಿಲ್‌ನಲ್ಲಿ ಪ್ರಕಟಿಸಿದ್ದು: ಲೀಟರ್ ನೀರಿಗೆ 1.5 ಮಿಲಿಗ್ರಾಂ ಕ್ಲೋರಿನ್ ಇದ್ದು, ಪಿಎಚ್ 7ರಿಂದ 7.2ರೊಳಗಿದ್ದರೆ 30 ಸೆಕೆಂಡಿನಲ್ಲಿ ವೈರಸ್ಸಿನ ಸೋಂಕುವ ಶಕ್ತಿ ಸಾವಿರ ಪಟ್ಟು ಇಳಿಯುತ್ತದೆ. ಪಕ್ಕದಲ್ಲಿ ನಿಂತು ಕೆಮ್ಮಿದರೆ ಬರುವ ಸೋಂಕಿಗೆ ಇದು ಉತ್ತರವಲ್ಲ ಅಂತ ಮೇಷ್ಟ್ರಿಗೂ ಗೊತ್ತಿತ್ತು. ಅದಕ್ಕೇ ಬ್ಯಾಚು ಅರ್ಧ ಮಾಡಿ ಅಂತ ಮನವಿಯಲ್ಲೇ ಬರೆದಿದ್ದರು.

ಗುಮಾಸ್ತರು ಪ್ರಿಂಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದು ಲಂಡನ್ ನೀರು ಸಾರ್. ನಮ್ಮದು ಬೋರ್‌ವೆಲ್."

ಮೇಷ್ಟ್ರು ಬಾಯಿ ತೆರೆದವರು ಹಾಗೇ ನಿಂತರು. ನಲವತ್ತು ವರ್ಷ ಪಾಠ ಹೇಳಿದವರಿಗೆ ಇಂಥ ಪ್ರಶ್ನೆ ಬಂದಿರಲಿಲ್ಲ. ಸುಧಾರಿಸಿಕೊಂಡು ಇನ್ನೊಂದು ಹಾಳೆ ತೆಗೆದರು. ಆ ಏಪ್ರಿಲ್‌ನಲ್ಲೇ ವಿಶ್ವಸಂಸ್ಥೆ ಜುಲೈ 25ನ್ನು ಮುಳುಗಿ ಸಾಯುವುದನ್ನು ತಡೆಯುವ ದಿನ ಅಂತ ಸಾರಿತ್ತು, ಮೊದಲ ಆಚರಣೆ ಅದೇ ವರ್ಷ. ಲೋಕದಲ್ಲಿ ವರ್ಷಕ್ಕೆ 2,36,000 ಜನ ನೀರಲ್ಲಿ ಮುಳುಗಿ ಸಾಯ್ತಾರೆ ಅನ್ನೋದು 2019ರ ಅಂದಾಜು. ಶಾಲೆ ಮಕ್ಕಳಿಗೆ ಈಜು ಕಲಿಸಿ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. "ಕೊಳ ಮುಚ್ಚಿದ್ರೆ ಮಕ್ಕಳು ಈಜೋದು ಬಿಡಲ್ಲ ಸ್ವಾಮಿ, ನಾಲೆಗೆ ಹೋಗ್ತಾರೆ, ಕೆರೆಗೆ ಹೋಗ್ತಾರೆ" ಅಂತ ನಾನೂ ದನಿಗೂಡಿಸಿ ಅಕ್ಕನ ಮಗನ ಕಥೆ ಹೇಳಿದೆ. ಗುಮಾಸ್ತರು ಕಲ್ಲೆದೆಯವರೇನಲ್ಲ, ಕೇಳಿ ಲೊಚಗುಟ್ಟಿದರು. ಮನವಿಗೆ ಸೀಲು ಹೊಡೆದು ಸ್ವೀಕೃತಿ ಕೊಟ್ಟರು. ಮೇಲಿನಿಂದ ಬರಬೇಕು ಅಂದರು.

ಮೇಲಿನಿಂದ ಬಂದಿದ್ದು ಅಕ್ಟೋಬರ್‌ನಲ್ಲಿ, ಅರ್ಧದಷ್ಟು ಜನಕ್ಕೆ ಅನ್ನೋ ಷರತ್ತಿನ ಜೊತೆ. ಗೇಟಿನಲ್ಲಿ ನನ್ನ ಎರಡು ಡೋಸಿನ ಸರ್ಟಿಫಿಕೇಟು ನೋಡಿ ಒಳಗೆ ಬಿಟ್ಟರು. ಪೊಲೀಸ್ ಭರ್ತಿ ಹುಡುಗರು ಬರಲಿಲ್ಲ, ವಯಸ್ಸು ಮೀರಿತ್ತು. ಸಾಹುಕಾರರು ಅಷ್ಟರಲ್ಲಿ ಮಂಡಿ ಆಪರೇಷನ್ ಮಾಡಿಸಿಕೊಂಡಿದ್ದರು. ಕೋಚು ನಡುವೆ ತರಕಾರಿ ಗಾಡಿ ಇಟ್ಟಿದ್ದವರು, ವಾಚ್‌ಮನ್ ಫೋನು ಮಾಡಿದ ಮೇಲೆ ವಾಪಸು ಬಂದರು. ಮಗಳನ್ನು ಗುರುತು ಹಿಡಿದು, ಎಲ್ಲಿಗೆ ನಿಲ್ಲಿಸಿದ್ವಿ ಅಂತ ಹಲಗೆ ಕೊಡೋಕೆ ಹೋದರು. ಅವಳು ಹಲಗೆ ತಳ್ಳಿ, ಕತ್ತು ಮೇಲೆತ್ತಿಕೊಂಡು, ಅತ್ತಿತ್ತ ನೋಡುತ್ತಾ, ಸರಸರ ಆ ಗೋಡೆ ಮುಟ್ಟಿ ಬಂದಳು.

"ಇದೆಂಥಾ ಈಜಮ್ಮ, ತಲೆ ನೀರೊಳಗೆ ಇರಬೇಕು!"

"ತಲೆ ಒಳಗೆ ಹಾಕಿದ್ರೆ ಅಜ್ಜ ಬೈತಾರೆ ಸರ್" ಅಂದಳು.

ಅದನ್ನು ಬಿಡಿಸೋಕೆ ಅವರಿಗೆ ಆ ಚಳಿಗಾಲ ಪೂರ್ತಿ ಹಿಡೀತು.