ಬಕಾಸುರನ ತಲೆಯಲ್ಲಿ ತೂತು

ನಮ್ಮ ನಡುಮನೆಯಲ್ಲಿ ನಾಲ್ಕಡಿ ಉದ್ದದ ಗಾಜಿನ ತೊಟ್ಟಿಯೊಂದಿದೆ. ಅದರಲ್ಲಿರುವುದು ಒಂದೇ ಮೀನು. ಬಂದವರೆಲ್ಲ ‘ಇಷ್ಟು ದೊಡ್ಡ ತೊಟ್ಟಿಗೆ ಒಂದೇನಾ?’ ಎಂದು ಕೇಳುತ್ತಾರೆ. ಜೊತೆಗೆ ನಾಲ್ಕು ಪುಟ್ಟ ಮೀನು ಬಿಟ್ಟಿದ್ದೆವು, ಬೆಳಗಾಗುವಷ್ಟರಲ್ಲಿ ಒಂದೂ ಇರಲಿಲ್ಲ ಎಂದು ನನ್ನ ಹೆಂಡತಿ ಉತ್ತರ ಕೊಡುತ್ತಾಳೆ. ಅದಕ್ಕೆ ಬಕಾಸುರ ಎಂದು ಹೆಸರಿಟ್ಟವಳೂ ಅವಳೇ. ಮುದ್ದಿಗೆ ಬಕ.

ಅದರ ನಿಜವಾದ ಜಾತಿ ಆಸ್ಕರ್. ದಕ್ಷಿಣ ಅಮೆರಿಕದ ಅಮೆಜಾನ್ ಕಡೆಯ ಮೀನು. ನಮ್ಮ ಕೆರೆಗಳಲ್ಲಿ ಈಗ ತುಂಬಿಕೊಂಡಿರುವ ಜಿಲೇಬಿ ಮೀನಿನ ದೂರದ ನೆಂಟ. ಮಗ ಏಳನೆಯ ತರಗತಿಯಲ್ಲಿದ್ದಾಗ ತಂದದ್ದು. ಆಗ ಬೆಂಕಿಪೊಟ್ಟಣದಷ್ಟಿತ್ತು. ಈಗ ಹನ್ನೊಂದು ಅಂಗುಲ. ಈ ಮೀನಿಗೆ ಮನೆಯವರ ಗುರುತು ಹತ್ತುತ್ತದೆ ಎಂದರೆ ನಂಬದವರಿದ್ದಾರೆ. ಮಗ ಶಾಲೆಯಿಂದ ಬಂದು ಚೀಲ ಇಡುವ ಮೊದಲೇ ಅದು ಗಾಜಿಗೆ ಮೂತಿ ಒತ್ತಿ ನಿಂತಿರುತ್ತಿತ್ತು. ನಾನು ಹತ್ತಿರ ಹೋದರೆ ಬೆನ್ನು ತಿರುಗಿಸುತ್ತಿತ್ತು.

ಮಗ ಎರಡನೆಯ ಪಿಯುಸಿಗೆ ಬಂದ ವರ್ಷ ನಾನೊಂದು ಕಟ್ಟಪ್ಪಣೆ ಮಾಡಿದೆ. ಭಾನುವಾರ ಬೆಳಿಗ್ಗೆ ಬಕೆಟ್ಟು, ಪೈಪು ಹಿಡಿದು ಒಂದೂವರೆ ಗಂಟೆ ತೊಟ್ಟಿಯ ಮುಂದೆ ಕೂರುತ್ತಿದ್ದನಲ್ಲ, ಅದು ಬಂದ್. “ವಾರಕ್ಕೆ ಒಂದೂವರೆ ಅಂದ್ರೆ ವರ್ಷಕ್ಕೆ 78 ಗಂಟೆ. ಒಂದು ಸಬ್ಜೆಕ್ಟ್ ರಿವಿಜನ್ ಆಗುತ್ತೆ. ಮೀನನ್ನ ನಾನು ನೋಡ್ಕೋತೀನಿ” ಎಂದೆ. ಅವನು ಮಾತಾಡಲಿಲ್ಲ. ಪೈಪನ್ನು ಸುರುಳಿ ಸುತ್ತಿ ನನ್ನ ಕೈಗೆ ಕೊಟ್ಟ.

ನೋಡಿಕೊಂಡೆ. ಅಂದರೆ ದಿನಕ್ಕೆರಡು ಸಲ ಪೊಟ್ಟಣದ ಕಾಳು ಹಾಕುತ್ತಿದ್ದೆ, ನೀರು ಆವಿಯಾಗಿ ಇಳಿದಾಗ ಒಂದು ಬಿಂದಿಗೆ ಸುರಿಯುತ್ತಿದ್ದೆ. ನೀರು ತಿಳಿಯಾಗಿಯೇ ಕಾಣುತ್ತಿತ್ತು.

ಜನವರಿಯ ಒಂದು ರಾತ್ರಿ ಊಟಕ್ಕೆ ಬಂದ ಮಗ ತೊಟ್ಟಿಯ ಮುಂದೆ ನಿಂತ. “ಅಪ್ಪಾ, ಬಕನ ತಲೆ ನೋಡಿದ್ರಾ?” ಕಣ್ಣಿನ ಮೇಲ್ಗಡೆ ಬಿಳಿಯ ಎರಡು ಗುರುತು. ನಾನು ಅಲ್ಲಿಂದಲೇ “ಬಿಳಿ ಚುಕ್ಕೆ ರೋಗ, ಉಪ್ಪು ಹಾಕಿದ್ರೆ ಹೋಗುತ್ತೆ” ಎಂದು ತೀರ್ಪು ಕೊಟ್ಟೆ. “ಅದಾದ್ರೆ ಮೈಮೇಲೆಲ್ಲಾ ರವೆ ಉದುರಿಸಿದ ಹಾಗೆ ಉಬ್ಬಿರ್ಬೇಕಲ್ವಾ ಅಪ್ಪಾ? ಇದು ತಗ್ಗು.” ಓದಿಕೋ ಹೋಗು ಎಂದು ಗದರಿದೆ. ವಿಜ್ಞಾನದ ಮೇಷ್ಟರಿಗೆ ಮನೆಯಲ್ಲಿ ಪ್ರಶ್ನೆ ಕೇಳಿದರೆ ಹಾಗೇ.

ಉಪ್ಪು ಹಾಕಿದ್ದೂ ಆಯಿತು. ಹತ್ತು ದಿನದಲ್ಲಿ ಎರಡು ಗುರುತು ಆರಾದವು. ಬಕ ತಿನ್ನುವುದನ್ನು ಬಿಟ್ಟು ಮೂಲೆ ಹಿಡಿಯಿತು. ಅದರ ಮಲ ಬಿಳಿ ದಾರದಂತೆ ಜೋಲಾಡುತ್ತಿತ್ತು. ಶಾಲೆಯಿಂದ ಭೂತಗನ್ನಡಿ ತಂದು ಗಾಜಿಗೆ ಹಿಡಿದು ನೋಡಿದೆ. ಮಗ ಹೇಳಿದ್ದೇ ಸರಿ. ಸೂಜಿಯಿಂದ ಕೊರೆದಂಥ ಗುಂಡಿಗಳು, ಒಳಗೆ ಬಿಳಿಯ ಲೋಳೆ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದವಳು. 1969ರಲ್ಲಿ ಶುರುವಾದ, ದೇಶದ ಮೊದಲ ಮೀನುಗಾರಿಕಾ ಕಾಲೇಜು ಅದು. ಅವಳಿಗೆ ಫೋನು ಮಾಡಿದೆ. ಅವಳು ರೋಗದ ಹೆಸರು ಹೇಳುವ ಮೊದಲು ಕೇಳಿದ ಪ್ರಶ್ನೆ: “ಸಾರ್, ನೀರು ಬದಲಾಯಿಸಿ ಎಷ್ಟು ದಿನ ಆಯ್ತು?”

“ವಾರ ವಾರ ಹಾಕ್ತಾ ಇದೀನಮ್ಮ.”

“ಹಾಕೋದಲ್ಲ ಸಾರ್. ತೆಗೆಯೋದು?”

ನಾನು ಸುಮ್ಮನಾದೆ. ಏಕೆಂದರೆ ಸಾರಜನಕದ ಚಕ್ರವನ್ನು ಮೂವತ್ತು ವರ್ಷದಿಂದ ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆಯುತ್ತ ಬಂದವನು ನಾನು. ಮೀನು ಕಿವಿರಿನಿಂದ ಹೊರಹಾಕುವುದು ಅಮೋನಿಯ. ಕೆಲವು ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಬೇರೆ ಕೆಲವು ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಕೆರೆಯಲ್ಲಾದರೆ ನೈಟ್ರೇಟನ್ನು ಗಿಡ, ಪಾಚಿ ಹೀರಿಕೊಳ್ಳುತ್ತವೆ. ಗಿಡವಿಲ್ಲದ ಗಾಜಿನ ಪೆಟ್ಟಿಗೆಯಲ್ಲಿ ಅದು ಎಲ್ಲಿಗೆ ಹೋಗಬೇಕು? ಆವಿಯಾಗುವುದು ನೀರು ಮಾತ್ರ, ಕರಗಿದ್ದು ಅಲ್ಲೇ ಉಳಿಯುತ್ತದೆ. ನಾನು ಸುರಿದ ಪ್ರತಿ ಬಿಂದಿಗೆಯೂ ಇನ್ನಷ್ಟು ಉಪ್ಪಿನಂಶ ಸೇರಿಸಿತ್ತೇ ಹೊರತು ಒಂದು ಚಿಟಿಕೆಯನ್ನೂ ತೆಗೆದಿರಲಿಲ್ಲ. ಅಂಗಡಿಯಿಂದ ಪರೀಕ್ಷೆಯ ಹನಿಗಳನ್ನು ತಂದು ನೋಡಿದೆವು. ನಾವು ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ನಮ್ಮ ಕೊಳವೆಯ ಬಣ್ಣ 80ರ ಪಟ್ಟಿಗಿಂತಲೂ ಕಡುಗೆಂಪಾಗಿತ್ತು.

ರೋಗಕ್ಕೆ ‘ಹೋಲ್ ಇನ್ ದ ಹೆಡ್’ ಎಂದೇ ಹೆಸರು. ಸ್ಪೈರೋನ್ಯೂಕ್ಲಿಯಸ್ ಎಂಬ, ಚಾಟಿಯಂಥ ಬಾಲಗಳುಳ್ಳ ಏಕಕೋಶಜೀವಿ ಇಂಥ ಮೀನುಗಳ ಕರುಳಿನಲ್ಲಿ ಸಿಗುತ್ತದೆ. ನಮಗೆ ಭೇದಿ ತರಿಸುವ ಜಿಯಾರ್ಡಿಯದ ಬಳಗದ್ದೇ. ಕೆಟ್ಟ ನೀರು, ಒಂದೇ ಬಗೆಯ ತಿಂಡಿ ಸೇರಿ ಮೀನು ಸೊರಗಿದಾಗ ಅದರ ಕೈ ಮೇಲಾಗುತ್ತದೆ ಎಂದು ಅವಳು ವಿವರಿಸಿದಳು. ಔಷಧವೂ ಮನುಷ್ಯರದೇ, ಮೆಟ್ರೊನಿಡಜೋಲ್. ಹಸು ಎಮ್ಮೆ ನೋಡುವ ನಮ್ಮ ಪಶುವೈದ್ಯರು ಅವಳೊಡನೆ ಫೋನಿನಲ್ಲಿ ಮಾತಾಡಿ, ನಗುತ್ತಲೇ ಚೀಟಿ ಬರೆದುಕೊಟ್ಟರು.

ಅವತ್ತು ರಾತ್ರಿ ಮಗನನ್ನು ಕರೆದು ಹೇಳಿದೆ: “ತಪ್ಪು ನಂದು ಕಣೋ. ನೀರು ತೆಗೀಲೇ ಇಲ್ಲ. ನೀನು ಹೇಳಿದ್ದನ್ನೂ ಕೇಳಲಿಲ್ಲ.” ಅವನು ಸ್ವಲ್ಪ ಹೊತ್ತು ತೊಟ್ಟಿಯನ್ನೇ ನೋಡುತ್ತಿದ್ದು, “ಅಳತೆ ನಾನು ಮಾಡ್ಲಾ?” ಎಂದ.

ತೊಟ್ಟಿ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಒಂಬತ್ತು ಘನ ಅಡಿ. ಅಡಿಗೆ 28.3ರಂತೆ 255 ಲೀಟರು ಎಂದು ನಾನು ಬಾಯಿಲೆಕ್ಕ ಹಾಕಿಬಿಟ್ಟೆ. ಅವನು ಒಪ್ಪಲಿಲ್ಲ. ನೀರು ಅಂಚಿನವರೆಗೆ ಇಲ್ಲ, ಕೆಳಗೆ ಜಲ್ಲಿ ಇದೆ, ಅದನ್ನು ಕಳೆಯಬೇಕು ಎಂದು ಸ್ಕೇಲು ಹಿಡಿದು ಕೂತ. ಬಂದದ್ದು 220 ಲೀಟರು. ಹೇಳಿದ ಪ್ರಮಾಣ 38 ಲೀಟರಿಗೆ 250 ಮಿಲಿಗ್ರಾಂ. 400 ಮಿಲಿಗ್ರಾಮಿನ ಗುಳಿಗೆ ಮೂರೂವರೆಗಿಂತ ತುಸು ಹೆಚ್ಚು. ನನ್ನ ಲೆಕ್ಕದಲ್ಲಾಗಿದ್ದರೆ ನಾಲ್ಕು ದಾಟುತ್ತಿತ್ತು.

ಔಷಧಕ್ಕಿಂತ ಮೊದಲು ನೀರು. ಎಲ್ಲವನ್ನೂ ಒಂದೇ ದಿನ ತೆಗೆದರೆ ಹಳೆಯ ನೀರಿಗೆ ಒಗ್ಗಿದ ಮೀನು ತತ್ತರಿಸುತ್ತದೆಂದು ಸಲಕ್ಕೆ ಕಾಲು ಭಾಗದಂತೆ ಬದಲಿಸಿದೆವು. ನಲ್ಲಿ ನೀರಿನ ಕ್ಲೋರಿನ್ನಿಗೆ ನಮ್ಮ ಪ್ರಯೋಗಾಲಯದ ಹೈಪೋ ಸಾಕಾಯಿತು. ಫಿಲ್ಟರಿನಲ್ಲಿದ್ದ ಇದ್ದಿಲನ್ನು ತೆಗೆದಿಟ್ಟೆವು, ಇಲ್ಲದಿದ್ದರೆ ಔಷಧವನ್ನು ಅದೇ ಹೀರಿಬಿಡುತ್ತದೆ. ಸ್ಪಂಜನ್ನು ಮಾತ್ರ ನಲ್ಲಿಯ ಕೆಳಗೆ ಹಿಡಿಯದೆ ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿದೆವು. ಅದರಲ್ಲಿರುವ ಬ್ಯಾಕ್ಟೀರಿಯ ಸತ್ತರೆ ಮತ್ತೆ ಅಮೋನಿಯದ ಪಾಡು. ಹೀಗೆ ದಿನ ಬಿಟ್ಟು ದಿನ ಮೂರು ಸಲ.

ಎರಡನೆಯ ಸಲದ ಮಾರನೆಯ ದಿನವೂ ಬಕ ಮೂಲೆ ಬಿಡಲಿಲ್ಲ. “ರೀ, ಹುಡುಗ ಪುಸ್ತಕದ ಮುಂದೆ ಕೂತಿದ್ರೂ ಕಣ್ಣೆಲ್ಲ ಇಲ್ಲೇ ಇದೆ” ಎಂದು ಹೆಂಡತಿ ಪಿಸುಗುಟ್ಟಿದಳು. ಮೀನು ಸತ್ತರೆ ಪರೀಕ್ಷೆಯ ಹೊತ್ತಿಗೆ ಏನು ಗತಿ ಎಂಬ ಯೋಚನೆ ನನಗೂ ಇತ್ತು. ಅದಕ್ಕಿಂತ ಹೆಚ್ಚಾಗಿ, ಆಮೇಲೆ ಅವನು ನನ್ನ ಯಾವ ಮಾತನ್ನು ನಂಬುತ್ತಾನೆ ಎಂಬುದು.

ಆರನೆಯ ದಿನ ಹಿತ್ತಲಿನ ಎರೆಹುಳವೊಂದನ್ನು ತೊಳೆದು ಅವನು ನೀರಿನಲ್ಲಿ ಹಿಡಿದ. ಬಕ ನಿಧಾನವಾಗಿ ಬಂತು, ನೋಡಿತು, ಹಿಂದೆ ಸರಿಯಿತು. ಮತ್ತೆ ಬಂದು ಬೆರಳನ್ನೂ ಸೇರಿಸಿ ಕಚ್ಚಿತು. ಅವನು “ಅಯ್ಯೋ” ಎಂದು ಕಿರುಚಿದ್ದಕ್ಕೆ ಅಡಿಗೆಮನೆಯಿಂದ ಹೆಂಡತಿ ಗಾಬರಿಯಾಗಿ ಓಡಿಬಂದಳು.

ಗುಂಡಿಗಳು ತುಂಬಲು ಎರಡು ತಿಂಗಳಾಯಿತು. ಕಲೆ ಹಾಗೇ ಉಳಿದಿದೆ. ಮಗನ ಫಲಿತಾಂಶವೂ ಬಂತು. ನಾನು ಉಳಿಸಿಕೊಟ್ಟ ಗಂಟೆಗಳಿಂದ ಅಂಥ ಲಾಭವೇನೂ ಕಾಣಲಿಲ್ಲ. ಈಗ ಅವನು ಬೇರೆ ಊರಿನಲ್ಲಿ ಓದುತ್ತಿದ್ದಾನೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಫೋನು ಮಾಡುತ್ತಾನೆ. ಮೊದಲು ಕೇಳುವುದು, “ಎಷ್ಟು ಬಕೆಟ್ ತೆಗೆದ್ರಿ?”