ಇಳಿಯುವುದು

ಭಾಗಮಂಡಲದಿಂದ ಕರಿಕೆಗೆ ಸುಮಾರು 30 ಕಿಲೋಮೀಟರು, ಕಾಡಿನ ದಾರಿ. ನಾವು ನಾಲ್ವರು ಗೆಳೆಯರು, ನಾಲ್ಕು ಸೈಕಲ್ಲು. ನನ್ನದು ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟದ್ದು. 2006-07ರಲ್ಲಿ ಶುರುವಾದ ಯೋಜನೆಯದು. ಗೇರಿಲ್ಲ. ಏರು ಬಂದರೆ ಇಳಿದು ತಳ್ಳಬೇಕು.

ನಮ್ಮಪ್ಪ ಇಳೀತಿದ್ದದ್ದು ಏರಿಗಲ್ಲ. ಊರೊಳಗಿನ ಮೇಲುಜಾತಿಯವರ ಬೀದಿ ಬಂದರೆ ಇಳಿದು, ಚಪ್ಪಲಿ ಹ್ಯಾಂಡಲಿಗೆ ಸಿಕ್ಕಿಸಿ, ದಾಟಿದ ಮೇಲೆ ಹತ್ತೋನು. ಸಪಾಟು ರಸ್ತೆ, ಗೆಳೆಯರೇ! ಕೂಲಿ ಕಾಸಲ್ಲಿ ಕೊಂಡ ಸೈಕಲ್ಲು.

ಘಾಟಿಯ ಇಳಿಜಾರಲ್ಲಿ ಬ್ರೇಕು ಹಿಡಿದೂ ಹಿಡಿದೂ ಬೆರಳು ಸೆಟೆದವು. ರಬ್ಬರು ಸುಟ್ಟ ವಾಸನೆ. ಬೆಟ್ಟದ ಆಚೆ ಮಗ್ಗುಲಲ್ಲಿ ಕಾವೇರಿ ಮೂಡಲಿಗೆ ಹರಿದರೆ, ಈಚೆ ಮಗ್ಗುಲ ನೀರು ಪಡುವಲಿಗೆ, ಕಾಸರಗೋಡಿನ ಕಡಲಿಗೆ. ತೀರ್ಥ ಅಂತ ಯಾರೂ ಕಾವಲು ಹಾಕದ ನೀರು. ಬೊಗಸೆ ತುಂಬ ಕುಡಿದೆವು. 1927ರ ಮಹಾಡ್ ಕೆರೆ ನೆನಪಾಯಿತು.

ಕರಿಕೆಯ ಹೋಟ್ಲಲ್ಲಿ ಅರೆಭಾಷೆ, ಮಲಯಾಳ ಎರಡೂ ಕಿವಿಗೆ ಬಿದ್ದವು. ಅಜ್ಜಿಯೊಬ್ಬರು ಚಾ ತಂದಿಟ್ಟರು. ಹಳೇ ಚಾಳಿ, ನನ್ನ ಕಣ್ಣು ಬೇರೆ ಲೋಟ ಇಟ್ಟ ಗೂಡು ಹುಡುಕಿತು. ಕಾಣಲಿಲ್ಲ.

"ಯಾವೂರು?" ಅಂದರು. ಹೇಳಿದೆ. ಅದರ ಹಿಂದೆ ಬರುವ ಪ್ರಶ್ನೆಗೆ ಕಾದೆ.

"ಮಳೆ ಬರ್ತದೆ, ಬೇಗ ಹೊರಡಿ" ಅಂದರು.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. "ಊರೊಳಕ್ಕೆ ಹೋಗುವಾಗ ಇಳಿದ್ಯೇನ್ಲಾ?"

"ಇಲ್ಲ ಕಣಪ್ಪ. ಕೂತ್ಕೊಂಡೇ ಹೋದೆ."

ಒಂದು ಗಳಿಗೆ ಮಾತಿಲ್ಲ. ಆಮೇಲೆ, "ಬ್ರೇಕು ನೋಡ್ಕೊ, ಮಗ."